ಆನ್‌ರೋಡ್ ಬೆಲೆ

ಬಸ್ಸಿಳಿದಾಗಿನಿಂದ ತಿಮ್ಮೇಶನಿಗೆ ತನ್ನ ಕೈಗಳಿಂದ ವಾಸನೆ ಬರುತ್ತಿದೆಯೆಂಬ ಅನುಮಾನ. ಹೊನ್ನಾಳಿಯ ಪಶು ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ದನ ಎಮ್ಮೆಗಳ ಮೈ ಹಿಡಿದ, ಸಿರಿಂಜು ತೊಳೆದ, ಡಾಕ್ಟರು ಬರದ ದಿನ ತಾನೇ ಕರು ಎಳೆದ ಕೈಗಳು. ಬೆಳಿಗ್ಗೆ ಎರಡು ಸಲ ಸೋಪು ಹಾಕಿ ಉಜ್ಜಿಕೊಂಡಿದ್ದ. ಆದರೂ ಚನ್ನಗಿರಿಯ ಬಸ್ ನಿಲ್ದಾಣದಿಂದ ಷೋರೂಮಿನವರೆಗೆ ನಡೆಯುವಾಗ ಒಮ್ಮೆ ಕರ್ಚೀಫು ತೆಗೆಯುವ ನೆವದಲ್ಲಿ, ಒಮ್ಮೆ ಮೀಸೆ ಸವರುವ ನೆವದಲ್ಲಿ ಬೆರಳುಗಳನ್ನು ಮೂಗಿನ ಹತ್ತಿರ ತಂದು ನೋಡಿದ. ಹೆಂಡತಿ ಗಂಗೋತ್ರಿ ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ಹದಿನಾರು ವರ್ಷ ಅಂಗನವಾಡಿ ಕಾರ್ಯಕರ್ತೆಯಾಗಿದ್ದವಳಿಗೆ ಹೋದ ತಿಂಗಳು ಮೇಲ್ವಿಚಾರಕಿಯಾಗಿ ಬಡ್ತಿ ಬಂದಿತ್ತು. ಸಾಸ್ವೇಹಳ್ಳಿ ಕಡೆಯ ಇಪ್ಪತ್ಮೂರು ಕೇಂದ್ರಗಳನ್ನು ಬಸ್ಸಿನಲ್ಲಿ ಸುತ್ತುವುದು ಆಗದ ಮಾತು ಎಂದು ಸ್ಕೂಟರಿನ ನಿರ್ಧಾರ ಮಾಡಿದವಳು ಅವಳೇ. ಹೊನ್ನಾಳಿಯಲ್ಲಿ ತನಗೆ ಬೇಕಾದ ಬಣ್ಣಕ್ಕೆ ಎರಡು ತಿಂಗಳು ಕಾಯಬೇಕೆಂದಾಗ ಚನ್ನಗಿರಿಗೆ ಫೋನು ಮಾಡಿ ವಿಚಾರಿಸಿದವಳೂ ಅವಳೇ. ತಾನು ಇವತ್ತು ರಜೆ ಹಾಕಿ ಬಂದದ್ದು ಯಾತಕ್ಕೆ ಎಂಬುದು ತಿಮ್ಮೇಶನಿಗೆ ಸರಿಯಾಗಿ ಗೊತ್ತಿರಲಿಲ್ಲ. ಗಂಡಸೊಬ್ಬ ಜೊತೆಗಿರಲಿ ಎಂದು ಅವಳು ಕರೆದಿದ್ದಳು. ಅಥವಾ ಕರೆದಿರಲಿಲ್ಲ, ತಾನೇ ಹೊರಟಿದ್ದ.

ಷೋರೂಮಿನ ಗಾಜಿನ ಬಾಗಿಲು ತಳ್ಳಿದೊಡನೆ ತಣ್ಣನೆಯ ಗಾಳಿಯ ಜೊತೆ ಹೊಸ ರಬ್ಬರಿನ ವಾಸನೆ ಬಂತು. ಅದು ತನ್ನ ಕೈಯ ವಾಸನೆಯನ್ನು ಮುಚ್ಚೀತು ಎಂದು ಅವನಿಗೆ ಸಮಾಧಾನವಾಯಿತು. ಸಾಲಾಗಿ ನಿಂತ ಗಾಡಿಗಳ ನಡುವೆ ಗಂಗೋತ್ರಿ ಒಂದೊಂದರ ಸೀಟಿನ ಮೇಲೂ ಅಂಗೈ ಇಟ್ಟು ನೋಡುತ್ತ ಹೋದಳು. ಕೇಂದ್ರಕ್ಕೆ ಬಂದ ಮಕ್ಕಳ ತಲೆ ಮುಟ್ಟಿ ಜ್ವರ ಇದೆಯೇ ನೋಡುವಾಗಲೂ ಅವಳು ಹೀಗೆಯೇ ಕೈ ಇಡುತ್ತಿದ್ದಳು. ನವಿಲು ನೀಲಿಯ ಸ್ಕೂಟರಿನ ಮುಂದೆ ನಿಂತು, ತಿರುಗಿ ಅವನ ಕಡೆ ನೋಡಿದಳು. ನಲವತ್ತೊಂದು ವರ್ಷದ ಮುಖದಲ್ಲಿ ನಾಚಿಕೆಯಂಥದ್ದೇನೋ ಇತ್ತು. ಅವನು ಚೆನ್ನಾಗಿದೆ ಎಂಬಂತೆ ತಲೆ ಆಡಿಸಬೇಕು ಎನ್ನುವಷ್ಟರಲ್ಲಿ ಹಿಂದಿನ ಮೇಜಿನಿಂದ ಹೆಂಗಸೊಬ್ಬಳ ದನಿ ಕೇಳಿಸಿತು. ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು: "ಬೇಡ ಬಿಡ್ರಿ, ಸಾಕು. ಅವ್ರಿಗೆ ಮನಸಿಲ್ಲ ಅಂದ್ಮೇಲೆ ನಾವ್ಯಾಕೆ ಕೇಳ್ಬೇಕು."

ತಿಮ್ಮೇಶನ ತಲೆ ಆಡಲಿಲ್ಲ. ಆ ದನಿಯ ಕೊನೆಯಲ್ಲಿ ಒಂದು ಸಣ್ಣ ಬಿರುಕಿತ್ತು, ಮಾತು ಮುಗಿದ ಮೇಲೂ ಗಾಳಿಯಲ್ಲಿ ಚೂರು ಉಳಿಯುವಂಥದ್ದು. ಇಪ್ಪತ್ತೊಂದು ವರ್ಷಗಳಿಂದ ಅವನು ಅದನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ. ಜಗಳೂರಿನ ಒಂದು ಹೆಂಚಿನ ಮನೆ, ಏಪ್ರಿಲ್ ತಿಂಗಳ ಬಿಸಿಲು, ಪಡಸಾಲೆಯಲ್ಲಿ ಹಾಸಿದ ಜಮಖಾನದ ಮೇಲೆ ಅವನು, ಅವನ ಸೋದರಮಾವ ಬೈಲಪ್ಪ, ನ್ಯಾಮತಿಯಿಂದ ಬಾಡಿಗೆ ಜೀಪಿನಲ್ಲಿ ಜೊತೆಗೆ ಬಂದ ಇನ್ನಿಬ್ಬರು. ಹುಡುಗಿ ಚಹಾ ಕೊಟ್ಟು ಒಳಗೆ ಹೋಗಿದ್ದಳು. ಲೋಟ ಕೊಡುವಾಗ ಒಂದು ಸಲ ಕಣ್ಣೆತ್ತಿ ನೋಡಿದ್ದಳು. ಮಾವ ಮಾತು ತೆಗೆದಿದ್ದ, "ಹುಡುಗ ಗೌರ್ಮೆಂಟ್ ನೌಕರ. ಹಳ್ಳಿ ಹಳ್ಳಿ ತಿರುಗ್ಬೇಕು. ನಿಮ್ಮ ಅಳಿಯ ಬಸ್ಸಿಗೆ ಜೋತಾಡ್ಕಂಡು ಹೋದ್ರೆ ನಿಮಗೇ ಅಲ್ವಾ ಅವಮಾನ?" ಹತ್ತಿ ಗಿರಣಿಯಲ್ಲಿ ತೂಕದ ಕೆಲಸ ಮಾಡುತ್ತಿದ್ದ ಹುಡುಗಿಯ ಅಪ್ಪ, ತನ್ನ ಹಳೆಯ ಬೈಕನ್ನು ಇಂಜಿನ್ ಮಾಡಿಸಿ, ಬಣ್ಣ ಹೊಡೆಸಿ ಕೊಡುತ್ತೇನೆ ಎಂದಿದ್ದರು. ಮಾವ ನಕ್ಕುಬಿಟ್ಟಿದ್ದ. "ಹಳೇ ಗಾಡಿಗೆ ಹೊಸಾ ಹುಡುಗನ್ನ ಕೊಡಾಕಾಗ್ತೈತೇನ್ರಿ?" ಜೊತೆಯವರೂ ನಕ್ಕಿದ್ದರು. ತಿಮ್ಮೇಶ ತಟ್ಟೆಯ ಮಂಡಕ್ಕಿಯಲ್ಲಿ ಕಡಲೆ ಆರಿಸುತ್ತ ಕೂತಿದ್ದ. ಆಗ ಪರದೆಯ ಹಿಂದಿನಿಂದ ಬಂತು ಆ ದನಿ: "ಬೇಡ ಬಿಡಪ್ಪ, ಸಾಕು." ಅಷ್ಟೇ. ಜೀಪು ವಾಪಸು ಹೊರಟಾಗ ಅವನು ತನಗೇ ಹೇಳಿಕೊಂಡಿದ್ದ, ಮಾವನ ಎದುರು ಬಾಯಿ ಬಿಡುವುದು ಹೇಗೆ, ಅಪ್ಪ ಇಲ್ಲದ ನನ್ನನ್ನು ಓದಿಸಿದವನು ಅವನಲ್ಲವೇ. ಎಷ್ಟೋ ವರ್ಷ ಅದನ್ನೇ ನಂಬಿದ್ದ. ಆಮೇಲೆ ಒಂದು ದಿನ, ಯಾವುದೋ ಊರಿನ ಕೊಟ್ಟಿಗೆಯಲ್ಲಿ ಹೆರಲಾರದ ಎಮ್ಮೆಯ ಪಕ್ಕ ಕಾಯುತ್ತ ಕೂತಾಗ, ನಿಜ ತಾನಾಗಿಯೇ ಎದುರು ಬಂದು ನಿಂತಿತ್ತು. ಹೆದರಿಕೆಯೊಂದೇ ಅಲ್ಲ. ಅವನಿಗೂ ಹೊಸ ಬೈಕೇ ಬೇಕಾಗಿತ್ತು.

"ಕೂತ್ಕಳ್ರಿ ಸಾರ್, ಕೂತ್ಕಳ್ರಿ ಮೇಡಂ. ನೀರು ತಗಳ್ರಿ." ಫೋನು ಇಟ್ಟು ಮೇಜಿನ ಆ ಕಡೆ ಬಂದು ಕೂತವಳ ಎದೆಯ ಮೇಲೆ ಹೆಸರಿನ ಪಟ್ಟಿ ಇತ್ತು. ಸುಧಾ. ಮೈ ಸ್ವಲ್ಪ ತುಂಬಿತ್ತು, ಕಿವಿಯ ಹತ್ತಿರ ಬಿಳಿಗೂದಲು, ಮೂಗಿನ ಮೇಲೆ ಕನ್ನಡಕ. ಮಾತು ಕೇಳಿಸಿಕೊಳ್ಳುವಾಗ ತಲೆಯನ್ನು ಎಡಕ್ಕೆ ವಾಲಿಸುತ್ತಿದ್ದಳು. ಅವತ್ತೂ ಹಾಗೆ ವಾಲಿಸಿದ್ದಳೇ? ನೆನಪಿಗೆ ಬರಲಿಲ್ಲ. ಆದರೆ ಇನ್ನು ಮುಂದೆ ನೆನೆಯುವಾಗಲೆಲ್ಲ ಆ ಹುಡುಗಿ ತಲೆ ವಾಲಿಸಿಯೇ ನಿಲ್ಲುತ್ತಾಳೆ ಎಂದು ಅವನಿಗೆ ಅನ್ನಿಸಿತು. ಅವನು ಕೈಗಳನ್ನು ಮೇಜಿನ ಕೆಳಗೆ ತೊಡೆಯ ಮೇಲಿಟ್ಟುಕೊಂಡ.

ಗಂಗೋತ್ರಿಗೆ ಯಾರು ಸಿಕ್ಕಿದರೂ ಮೊದಲು ಊರು ಕೇಳುವ ಅಭ್ಯಾಸ. "ಮೇಡಂ, ನೀವು ಚನ್ನಗಿರಿಯವರೇನಾ?"

"ಇಲ್ರಿ, ತವರು ಜಗಳೂರು. ನಮ್ಮ ಮನೇವ್ರು ಸೂಳೆಕೆರೆ ಹತ್ರದೋರು. ಇಲ್ಲಿಗೆ ಬಂದು ಹದಿಮೂರು ವರ್ಷ ಆತು."

ಜಗಳೂರು ಎಂಬ ಮಾತು ಬಿದ್ದಾಗ ತಿಮ್ಮೇಶ ಅವಳ ಮುಖವನ್ನೇ ನೋಡಿದ. ಅವಳೂ ಒಮ್ಮೆ ಅವನನ್ನು ನೋಡಿದಳು, ನಕ್ಕಳು, ಬೆಲೆಯ ಹಾಳೆಯನ್ನು ಇಬ್ಬರ ನಡುವೆ ಇಟ್ಟಳು. ಆ ನಗು ಏನು? ಗುರುತು ಸಿಕ್ಕಿಯೂ ಸಿಗದವಳಂತೆ ನಟಿಸುತ್ತಿದ್ದಾಳೆಯೇ? ಹೆಂಡತಿಯ ಎದುರು ಇವನಿಗೆ ಮುಜುಗರವಾಗಬಾರದೆಂಬ ದೊಡ್ಡತನವೇ? ಇಷ್ಟು ವರ್ಷ ಬಸ್ಸಿನ ಕಿಟಕಿಗಳಲ್ಲಿ, ಜಾನುವಾರು ಶಿಬಿರಗಳ ಜನಸಂದಣಿಯಲ್ಲಿ, ಜಗಳೂರಿನ ಹೆಸರು ಹೊತ್ತ ಪ್ರತಿ ಬಸ್ಸಿನ ಬೋರ್ಡಿನಲ್ಲಿ ಅವನು ಹುಡುಕಿದ್ದು ಇದೇ ಮುಖವನ್ನು. ಸಿಕ್ಕರೆ ಏನು ಮಾಡಬೇಕೆಂದು ಮಾತ್ರ ಯಾವತ್ತೂ ಯೋಚಿಸಿರಲಿಲ್ಲ.

"ಆನ್‌ರೋಡ್ ಒಂದು ಲಕ್ಷದ ನಾಲ್ಕು ಸಾವಿರದ ಎಂಟುನೂರು," ಸುಧಾ ಪೆನ್ನಿನ ತುದಿಯಿಂದ ತೋರಿಸಿದಳು. "ಇದ್ರಾಗೆ ಟ್ಯಾಕ್ಸು, ಇನ್ಶೂರೆನ್ಸು, ಸೀಟ್ ಕವರು, ಗಾರ್ಡು ಎಲ್ಲಾ ಬಂತು."

"ಗಾರ್ಡು ಯಾಕ್ರಿ? ಬೀಳಾಕೆ ಮುಂಚೇನೇ ಬೀಳ್ತೀನಿ ಅಂತ ಲೆಕ್ಕ ಹಾಕಿಬಿಟ್ರಾ?" ಗಂಗೋತ್ರಿ ನಕ್ಕಳು. ಆಮೇಲೆ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, ಮಕ್ಕಳ ತೂಕದ ಪಟ್ಟಿ ನೋಡುವ ಗಂಭೀರತೆಯಲ್ಲಿ ಸಾಲು ಸಾಲಾಗಿ ಬೆರಳಾಡಿಸಿದಳು. "ಈ ಮೂರು ಸಾವಿರದ ಇನ್ನೂರರ ಸಾಮಾನು ನನಗೆ ಬೇಡ. ಇನ್ಶೂರೆನ್ಸ್ ನಾನೇ ಹೊರಗೆ ಮಾಡಿಸ್ತೀನಿ ಅಂದ್ರೆ?"

"ಹೊರಗೆ ಮಾಡಿಸಿದ್ರೆ ಆಮೇಲೆ ಕ್ಲೇಮಿಗೆ ಓಡಾಟ ಆಗ್ತೈತ್ರಿ. ಇಲ್ಲೇ ಮಾಡಿಸ್ರಿ, ಅದ್ರಾಗೆ ನಾನು ಏನಾರ ಹೊಂದಿಸ್ತೀನಿ."

"ಎಷ್ಟು ಹೊಂದಿಸ್ತೀರಿ? ಹೊನ್ನಾಳ್ಯಾಗೆ ನಾಲ್ಕು ಸಾವಿರ ಬಿಡ್ತೀನಿ ಅಂದಾರೆ."

"ಹೊನ್ನಾಳ್ಯಾಗೆ ಗಾಡೀನೇ ಇಲ್ವಲ್ರೀ," ಎಂದು ಸುಧಾ ನಕ್ಕಾಗ ಗಂಗೋತ್ರಿಯೂ ನಕ್ಕಳು. ಇಬ್ಬರೂ ಹೆಂಗಸರು ಆಟ ಗೊತ್ತಿರುವವರಂತೆ ಖುಷಿಯಾಗಿದ್ದರು. ತಿಮ್ಮೇಶನಿಗೆ ಮಾತ್ರ ಪ್ರತಿ ಅಂಕಿಯೂ ಕಿವಿಯೊಳಗೆ ಕಾದ ಸೀಸದಂತೆ ಇಳಿಯುತ್ತಿತ್ತು. ಇದೇ ಹೆಂಗಸಿನ ಎದುರು, ಇದೇ ಎರಡು ಗಾಲಿಯ ವಸ್ತುವಿಗಾಗಿ, ಮತ್ತೆ ಚೌಕಾಶಿ. ಅವತ್ತು ಮಾವ, ಇವತ್ತು ಹೆಂಡತಿ. ತಾನು ಅದೇ ಜಾಗದಲ್ಲಿ ಅದೇ ರೀತಿ ಕೂತು ನೆಲ ನೋಡುತ್ತಿದ್ದೇನೆ ಅನ್ನಿಸಿತು.

"ಹೆಲ್ಮೆಟ್ ಫ್ರೀ ಕೊಡ್ಬೇಕು ಅಂತ ಕಾನೂನೇ ಐತೆ," ಗಂಗೋತ್ರಿ ಹೇಳುತ್ತಿದ್ದಳು. "ನಮ್ಮ ಮದುವ್ಯಾಗೆ ನಮ್ಮಪ್ಪ ಇವ್ರಿಗೆ ಬೈಕ್ ಕೊಡಿಸಿದಾಗ್ಲೇ ಹೆಲ್ಮೆಟ್ ಕೇಳಿ ಇಸ್ಕಂಡಿದ್ರು. ಇವ್ರು ಹಾಕ್ಲಿಲ್ಲ ಬಿಡ್ರಿ, ಅದ್ರಾಗೆ ನಾವು ಈರುಳ್ಳಿ ಇಡ್ತಿದ್ವಿ."

ಸುಧಾ ಜೋರಾಗಿ ನಕ್ಕಳು. ತಿಮ್ಮೇಶ ಮುಖವನ್ನು ಗಾಡಿಗಳ ಕಡೆ ತಿರುಗಿಸಿದ. ಗೊತ್ತಾಯಿತು ಇವಳಿಗೆ. ನಮ್ಮ ಮನೆಯಲ್ಲಿ ಸಿಗದ ಬೈಕನ್ನು ಇವನು ಮುಂದಿನ ಮನೆಯಲ್ಲಿ ತೆಗೆದುಕೊಂಡ ಎಂದು ಗೊತ್ತಾಯಿತು. ಆ ಬೈಕಿನ ಮೇಲೆ ಅವನು ಹನ್ನೆರಡು ವರ್ಷ ತಿರುಗಿದ್ದ. ಕಪ್ಪು ಬಣ್ಣ, ಕೆಂಪು ಪಟ್ಟಿ. ಗಂಗೋತ್ರಿ ಹಿಂದೆ ಕೂತಾಗ ಒಮ್ಮೊಮ್ಮೆ, ಹೆಗಲ ಮೇಲಿನ ಕೈಯನ್ನು ಇನ್ನೊಬ್ಬಳದೆಂದು ಕಲ್ಪಿಸಿಕೊಂಡು, ತಕ್ಷಣ ಹೇಸಿ, ಗೇರು ಬದಲಿಸಿದ್ದ. ಮದುವೆಯಾದ ಹೊಸದರಲ್ಲಿ ಅವಳು ಒಮ್ಮೆ, ನನಗೂ ಕಲಿಸ್ರಿ ಎಂದಿದ್ದಳು. ನೋಡಾಣ ಎಂದಿದ್ದ.

"ಕಡಿಮೆ ಮಾಡೋದೇನೂ ಬೇಡ ಮೇಡಂ," ಅವನ ಬಾಯಿಂದ ಮಾತು ಹೊರಬಿತ್ತು, ಬೇಕಾದ್ದಕ್ಕಿಂತ ದೊಡ್ಡದಾಗಿ. "ನೀವು ಹೇಳಿದ್ದೇ ಕೊಡ್ತೀವಿ."

ಗಂಗೋತ್ರಿಯ ಬೆರಳು ಹಾಳೆಯ ಮೇಲೆ ನಿಂತುಬಿಟ್ಟಿತು. ಅವಳು ಅವನ ಕಡೆ ತಿರುಗಲಿಲ್ಲ. ಮೂರನೆಯವರಿಗೆ ಕೇಳದಷ್ಟು ಸಣ್ಣಗೆ, ಆದರೆ ಮೂವರೇ ಇದ್ದುದರಿಂದ ಮೂವರಿಗೂ ಕೇಳುವಂತೆ, "ದುಡ್ಡು ನಂದ್ರಿ," ಎಂದಳು.

ಸುಧಾ ಕನ್ನಡಕ ಸರಿಪಡಿಸಿಕೊಂಡು ಎದ್ದಳು. "ಇರ್ರಿ, ಮ್ಯಾನೇಜರ್‌ನ ಕೇಳ್ಕಂಡು ಬರ್ತೀನಿ." ಗಾಜಿನ ಕೋಣೆಯಲ್ಲಿ ಮ್ಯಾನೇಜರ್ ಇಲಿಯಾಸ್ ಎಂಬಾತ ತಲೆ ಅಲ್ಲಾಡಿಸುವುದೂ, ಇವಳು ಬಗ್ಗಿ ಏನೋ ಹೇಳುವುದೂ, ಆತ ಕೊನೆಗೆ ಕೈ ಚೆಲ್ಲುವುದೂ ಕಾಣುತ್ತಿತ್ತು. ಗಂಗೋತ್ರಿ ಬ್ಯಾಗಿನ ಜಿಪ್ಪನ್ನು ತೆಗೆದು ಹಾಕಿ ಮಾಡುತ್ತಿದ್ದಳು. ಅವಳ ಮುಖದಿಂದ ಆಗಿನ ನಗು ಹೋಗಿತ್ತು. ಅದನ್ನು ಕಳೆದವನು ತಾನು ಎಂದು ತಿಮ್ಮೇಶನಿಗೆ ಗೊತ್ತಿತ್ತು. ಆದರೂ ಅವನ ಕಣ್ಣು ಗಾಜಿನ ಕೋಣೆಯನ್ನೇ ನೋಡುತ್ತಿತ್ತು.

ಸುಧಾ ಬಂದು ಸಾಮಾನಿನ ಸಾಲಿಗೆ ಅಡ್ಡಗೆರೆ ಎಳೆದಳು. ಕೆಳಗೆ ಎರಡೂವರೆ ಸಾವಿರ ಕಳೆದಳು. "ಇದಕ್ಕಿಂತ ಆಗಲ್ಲ ಮೇಡಂ, ನಿಮ್ಮಾಣೆ. ಹೆಲ್ಮೆಟ್ ಎರಡು. ಒಂದ್ರಾಗೆ ಈರುಳ್ಳಿ ಇಟ್ಕಳ್ರಿ." ಗಂಗೋತ್ರಿಯ ಮುಖಕ್ಕೆ ಮತ್ತೆ ನಗು ಬಂತು, ಪೂರ್ತಿಯಾಗಿ ಅಲ್ಲ. ಓಡಿಸಿ ನೋಡುತ್ತೀರಾ ಎಂದು ಕೇಳಿದಾಗ ಅವಳು ಥಟ್ಟನೆ ಎದ್ದಳು. ತಂಗಿಯ ಗಾಡಿಯಲ್ಲಿ ಹದಿನೈದು ದಿನ ಕಲಿತಿದ್ದಳು. ಆದರೂ ಹೊಸದು ಎಂದರೆ ಹೆದರಿಕೆ. ಷೋರೂಮಿನ ರುಕ್ಸಾನಾ ಎಂಬ ಹೆಂಗಸು ಹಿಂದೆ ಕೂತುಕೊಂಡಳು. ಗಾಜಿನಾಚೆ ಸ್ಕೂಟರು ಒಮ್ಮೆ ಜಗ್ಗಿ, ನಿಂತು, ಮತ್ತೆ ಹೊರಟು, ರಸ್ತೆಯ ತಿರುವಿನಲ್ಲಿ ಮರೆಯಾಯಿತು.

ಈಗ ಅವರಿಬ್ಬರೇ. ಸುಧಾ ಅರ್ಜಿ ತುಂಬುತ್ತಿದ್ದಳು. ಪೆನ್ನಿನ ಸದ್ದು, ಏಸಿಯ ಸದ್ದು. ಕೊಟ್ಟಿಗೆಯಲ್ಲಿ ಎಷ್ಟೋ ಸಲ ತಿಮ್ಮೇಶ ಈ ಹೊತ್ತನ್ನು ಕಲ್ಪಿಸಿಕೊಂಡಿದ್ದ. ಅವಳು ಅಳುತ್ತಿದ್ದಳು, ಅಥವಾ ಬೈಯುತ್ತಿದ್ದಳು, ಅಥವಾ ಬರೀ ನೋಡುತ್ತಿದ್ದಳು. ಯಾವುದಾದರೂ ಸರಿ, ಆಮೇಲೆ ತನಗೆ ಹಗುರಾಗುತ್ತಿತ್ತು.

"ಮೇಡಂ, ನಾನು ನಿಮ್ಮನ್ನ ಮೊದ್ಲು ನೋಡೀನಿ," ಎಂದ. ದನಿ ತನ್ನದಲ್ಲ ಅನ್ನಿಸಿತು. "ನಿಮ್ಮ ಮನೆಗೆ ಬಂದಿದ್ದೆ. ಜಗಳೂರಿಗೆ. ಎರಡು ಸಾವಿರದ ಮೂರರಾಗೆ. ನಿಮ್ಮನ್ನ ನೋಡಾಕೆ."

ಸುಧಾ ಪೆನ್ನು ಎತ್ತಿ ಅವನನ್ನು ನೋಡಿದಳು. ತಲೆ ಎಡಕ್ಕೆ ವಾಲಿತು. "ಹೌದಾ?" ಎಂದಳು. ಆಶ್ಚರ್ಯವಿತ್ತು, ಬೇರೇನೂ ಇರಲಿಲ್ಲ. "ನೀವು ಯಾರು ಅಂದ್ರಿ? ಹೊಳಲ್ಕೆರೆಯವರಾ?"

"ಅಲ್ಲ. ನ್ಯಾಮತಿ. ಜೀಪಿನಾಗೆ ಬಂದಿದ್ವಿ. ನಮ್ಮ ಮಾವ ಇದ್ರು, ದಪ್ಪಕೆ."

"ಜೀಪಿನಾಗೆ ಬಂದೋರು ಹೊಳಲ್ಕೆರೆಯವರು, ಅಲ್ವಾ? ಮಾಷ್ಟ್ರು ಒಬ್ರು..." ಅವಳು ನಿಜವಾಗಿ ಪ್ರಯತ್ನಿಸುತ್ತಿದ್ದಳು. ಹಳೆಯ ಗಿರಾಕಿಯ ಗಾಡಿ ನಂಬರು ನೆನೆಸಿಕೊಳ್ಳುವವರಂತೆ ಹುಬ್ಬು ಗಂಟಿಕ್ಕಿದಳು. "ತಪ್ಪು ತಿಳ್ಕಬ್ಯಾಡ್ರಿ ಸಾರ್. ಆಗ ಬಾಳ ಜನ ಬಂದು ಹೋದ್ರು. ಹನ್ನೊಂದೋ ಹನ್ನೆರಡೋ."

"ಬೈಕಿನ ವಿಷಯಕ್ಕೆ ಮುರ್ದಿದ್ದು. ಹೊಸದು ಕೇಳಿದ್ವಿ."

"ಬೈಕ್ ಕೇಳ್ದೋರೇ ನಾಲ್ಕು ಮನೆಯವರು ಇದ್ರು," ಸುಧಾ ನಕ್ಕಳು. "ಕೊನಿಗೆ ನಮ್ಮಪ್ಪಗೆ ಎಷ್ಟು ಸಾಕಾತು ಅಂದ್ರೆ, ಮುಂದಿನೋರು ಕೇಳಾಕೆ ಮುಂಚೇನೇ ಇರ್ಲಿ ಅಂತ ಒಂದು ಹೊಸ ಬೈಕ್ ತಂದು ಅಂಗಳದಾಗೆ ನಿಲ್ಲಿಸಿಬಿಟ್ರು. ತಂದ್ಮೇಲೆ ಒಬ್ರೂ ಬರಲಿಲ್ಲ ನೋಡ್ರಿ! ನಿಂತಲ್ಲೇ ನಿಂತ್ರೆ ಬ್ಯಾಟ್ರಿ ಹೋಗ್ತೈತೆ ಅಂತ ದಿನಾ ಸ್ಟಾರ್ಟ್ ಮಾಡೋ ಕೆಲ್ಸ ನಂದು. ಸ್ಟಾರ್ಟ್ ಮಾಡಿ ಮಾಡಿ ಅಂಗಳದಾಗೇ ಒಂದು ಸುತ್ತು, ಆಮೇಲೆ ಗಿರಣಿ ತನಕ. ಓಣಿಯೋರೆಲ್ಲಾ ಬಾಗ್ಲಿಗೆ ಬಂದು ನೋಡೋರು. ಗಾಡಿ ಗೊತ್ತಿರೋ ಹೆಂಗಸು ಅಂತ್ಲೇ ನನಗೆ ಕೆಲ್ಸ ಸಿಕ್ಕಿದ್ದು. ನಮ್ಮ ಮನೇವ್ರು ಹಿಂದೆ ವರ್ಕ್‌ಷಾಪಿನಾಗೇ ಇದಾರೆ. ಏನೂ ಕೇಳಲಿಲ್ಲ, ಪಾಪ. ಅವ್ರ ಹತ್ರ ಸೈಕಲ್ ಇತ್ತು."

ತಿಮ್ಮೇಶನೂ ನಗಬೇಕಾಗಿತ್ತು. ನಕ್ಕನೇನೋ. "ನಂದು ತಪ್ಪಾತು," ಎಂದ. "ಇಷ್ಟು ವರ್ಷದಿಂದ ಹೇಳ್ಬೇಕು ಅಂತಿತ್ತು."

ಸುಧಾಳ ಮುಖದಲ್ಲಿ ಮೊದಲ ಬಾರಿಗೆ ಸಣ್ಣ ಮುಜುಗರ ಕಾಣಿಸಿತು. ತನ್ನದಲ್ಲದ ಪಾರ್ಸೆಲನ್ನು ಯಾರೋ ಕೈಗೆ ಇಟ್ಟಂತೆ. ಅವಳು ಮೆತ್ತಗೆ ಕೇಳಿದಳು, "ಅವತ್ತು ನೀವೇನಾರ ಅಂದಿದ್ರಾ ಸಾರ್?"

"ಇಲ್ಲ. ನಾನು ಏನೂ ಮಾತಾಡಲಿಲ್ಲ."

"ಅದಕ್ಕೇ ಮತ್ತೆ," ಎಂದಳು ಅವಳು, ಸಮಾಧಾನ ಹೇಳುವ ದನಿಯಲ್ಲಿ. "ಮಾತಾಡ್ದೋರು ನೆನಪಿದಾರೆ ನನಗೆ. ನೀವು ಮನಸಿಗೆ ಹಚ್ಕಬ್ಯಾಡ್ರಿ." ಮತ್ತೆ ಅರ್ಜಿಯ ಮೇಲೆ ಬಗ್ಗಿದಳು. "ನಾಮಿನಿ ಅಂತ ಯಾರ ಹೆಸರು ಬರೀಲಿ? ನಿಮ್ಮದೇನಾ?"

ಅವನು ಹೂಂ ಎಂದ. ಸ್ಪೆಲಿಂಗ್ ಕೇಳಿದಳು. ಒಂದೊಂದೇ ಅಕ್ಷರ ಹೇಳಿದ. ಹೇಳುತ್ತಿರುವಾಗಲೇ ಒಳಗೆ ಯಾವುದೋ ಕೋಣೆಯ ದೀಪ ಆರಿದಂತಾಯಿತು. ಅವಳು ತನ್ನನ್ನು ದ್ವೇಷಿಸುತ್ತಿರಬಹುದೆಂದು ಅವನು ಇಷ್ಟು ಕಾಲ ಅಂಜಿದ್ದ. ಅಂಜಿದ್ದನೋ, ಆಸೆಪಟ್ಟಿದ್ದನೋ. ದ್ವೇಷವಾಗಿದ್ದರೂ ಅವಳಲ್ಲಿ ಒಂದು ಜಾಗ ಸಿಕ್ಕಂತಾಗುತ್ತಿತ್ತು. ಲೋಟ ಕೊಡುವಾಗ ಎತ್ತಿದ ಆ ಕಣ್ಣು ಪ್ರಾಯಶಃ ಬಾಗಿಲಾಚೆಯ ಜೀಪನ್ನು ನೋಡಿತ್ತು. ಅಥವಾ ಚಹಾ ಎಷ್ಟು ಜನಕ್ಕೆ ಬೇಕೆಂದು ಎಣಿಸಿತ್ತು. ಇಪ್ಪತ್ತೊಂದು ವರ್ಷ ಅವನು ಆ ನೋಟದ ಎದುರು ತಲೆ ತಗ್ಗಿಸಿ ನಿಂತಿದ್ದ, ಅಲ್ಲಿ ಯಾರೂ ಇಲ್ಲದೆ.

ಹೊರಗೆ ಹಾರ್ನು ಕೇಳಿಸಿತು. ಗಂಗೋತ್ರಿ ವಾಪಸು ಬಂದಿದ್ದಳು. ಕೂದಲು ಕೆದರಿತ್ತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಹಣೆಯ ಮೇಲೆ ಬೆವರು. ಗಾಜಿನೊಳಗಿಂದ ಅವನು ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಿರಲಿಲ್ಲ. ಸ್ಟ್ಯಾಂಡು ಹಾಕಿ, ಹ್ಯಾಂಡಲ್ಲಿನ ಮೇಲೆ ಎರಡೂ ಕೈ ಇಟ್ಟು, ಹಾಗೇ ಒಂದು ಗಳಿಗೆ ನಿಂತಳು. ಅವಳ ಆ ಹಿಗ್ಗಿದ ಮುಖವನ್ನು ಅವನು ನೋಡಿಯೇ ಇರಲಿಲ್ಲ. ಇದ್ದಿರಬಹುದು, ತನ್ನ ಬೆನ್ನ ಹಿಂದೆ, ಬೈಕಿನ ಮೇಲೆ, ಹನ್ನೆರಡು ವರ್ಷ.

ಮುಂಗಡ ಕಟ್ಟಿ, ಶುಕ್ರವಾರ ಗಾಡಿ ಎಂದು ಬರೆಸಿಕೊಂಡು ಹೊರಬರುವಾಗ ಮೂರೂವರೆ. ಹೊನ್ನಾಳಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಗಂಗೋತ್ರಿ ಕೂತಳು. ಬಸ್ಸು ಚನ್ನಗಿರಿ ದಾಟಿತು. ಆಮೇಲೆ ಕಿಟಕಿಯಾಚೆ ನೋಡುತ್ತಲೇ, "ಅಷ್ಟು ಜನರ ಮುಂದೆ ನನ್ನ ಮಾತು ಹಂಗೆ ಮುರೀಬಾರ್ದಿತ್ತು ನೀವು," ಎಂದಳು. ಅಷ್ಟು ಜನ ಎಂದರೆ ಸುಧಾ ಒಬ್ಬಳೇ.

"ತಪ್ಪಾತು," ಎಂದ. ಇವತ್ತು ಎರಡನೆಯ ಸಲ.

ಅವಳು ತಿರುಗಿ ನೋಡಿದಳು. ಆ ಪದವನ್ನು ಅವನ ಬಾಯಲ್ಲಿ ನಿರೀಕ್ಷಿಸಿರಲಿಲ್ಲ. ಬಸ್ಸು ಹೊಲಗಳ ನಡುವೆ ಓಡುತ್ತಿತ್ತು. ಅವನಿಗೆ ಇದ್ದಕ್ಕಿದ್ದಂತೆ ಅವಳ ತವರಿನ ಅಂಗಳ ನೆನೆಸಿಕೊಳ್ಳಬೇಕೆನ್ನಿಸಿತು, ಹೆಣ್ಣು ನೋಡಲು ಹೋದ ಆ ದಿನ. ಕಣ್ಣು ಮುಚ್ಚಿದ. ಏನೂ ಬರಲಿಲ್ಲ. ಮಾವ ಬೈಕಿನ ಮಾತಾಡಿದ್ದು, ಅವಳಪ್ಪ ಒಪ್ಪಿದ್ದು, ಇಷ್ಟು. ಯಾವ ಸೀರೆ ಉಟ್ಟಿದ್ದಳು, ಯಾವ ತಿಂಗಳು, ಬಿಸಿಲಿತ್ತೇ, ಮೋಡವಿತ್ತೇ. ಅವನು ಅವತ್ತು ಅಲ್ಲಿ ಕೂತು ಮನಸ್ಸಿನಲ್ಲಿ ಜಗಳೂರಿನ ಪರದೆಯನ್ನು ನೋಡುತ್ತಿದ್ದ.

"ನಿನ್ನ ನೋಡಾಕೆ ಬಂದ ದಿನ," ಅವನು ಕೇಳಿದ, "ನಾನು ಏನಾರ ಮಾತಾಡಿದ್ನಾ?"

"ಯಾಕೆ ಈಗ?"

"ಸುಮ್ನೆ."

"ಮಾತಾಡಿದ್ರಲ್ಲ," ಎಂದಳು ಗಂಗೋತ್ರಿ, ಯೋಚಿಸದೆ. "ನೀರು ಕೇಳಿದ್ರಿ."

"ನೀರಾ?"

"ಹೂಂ. ಎಲ್ರೂ ಬೈಕು, ಬಂಗಾರ ಅಂತ ಮಾತಾಡ್ತಿದ್ರು. ನೀವು ನಡುವೆ, ಕುಡಿಯಾಕೆ ನೀರು ಬೇಕು ಅಂದ್ರಿ. ನಾನೇ ತಂದು ಕೊಟ್ಟೆ. ಲೋಟ ವಾಪಸ್ ಕೊಡುವಾಗ, ತಣ್ಣಗೈತೆ ಅಂದ್ರಿ. ನಮ್ಮ ಮಣ್ಣಿನ ಹರಿವಿ ನೀರು." ಅವಳು ಸ್ವಲ್ಪ ನಕ್ಕಳು. "ಆಮೇಲೆ ಚೌಡಕ್ಕ, ನಮ್ಮ ದೊಡ್ಡಮ್ಮ, ಹುಡುಗ ಹೆಂಗಿದಾನೆ ಅಂತ ಕೇಳಿದ್ಲು. ಬಾಯಾರಿಕೆ ಆದ್ರೆ ಕೇಳ್ತಾನೆ, ಒಳ್ಳೇವ್ನಿದಾನೆ ಅಂದೆ. ವರ್ಷಗಟ್ಲೆ ಅದನ್ನೇ ಹೇಳಿ ಎಲ್ರೂ ನನ್ನ ಆಡ್ಕಂಡ್ರು."

ತಿಮ್ಮೇಶ ಆ ನೀರನ್ನು ಹುಡುಕಿದ. ಹರಿವಿ, ಲೋಟ, ಲೋಟ ಹಿಡಿದ ಕೈ. ಅವನೊಳಗೆ ಎಲ್ಲಿಯೂ ಇರಲಿಲ್ಲ. ತನ್ನದೇ ಬಾಯಿಂದ ಬಂದ ಮಾತು, ತನ್ನದೇ ಗಂಟಲಲ್ಲಿ ಇಳಿದ ತಂಪು. ಎಲ್ಲವೂ ಇಪ್ಪತ್ತು ವರ್ಷದಿಂದ ಇವಳ ಹತ್ತಿರ ಇತ್ತು, ಅವನಿಗೆ ಒಂದು ಹನಿಯೂ ಉಳಿದಿರಲಿಲ್ಲ. ಅದು ತನಗೂ ನೆನಪಿರಬೇಕಿತ್ತು ಎಂಬ ಆಸೆ ಎಷ್ಟು ಬಲವಾಗಿ ಎದ್ದಿತೆಂದರೆ ಅವನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡ.

"ಆಮೇಲೆ?" ಎಂದ. "ಇನ್ನೇನು ಅಂದೆ ನಾನು?"

ಗಂಗೋತ್ರಿಯ ಫೋನು ಹೊಡೆದುಕೊಂಡಿತು. ತಂಗಿ. "ಹಾಂ, ಬುಕ್ ಆತು ಕಣೆ, ನೀಲಿದೇ," ಎಂದು ಅವಳು ಶುರುಮಾಡಿದಳು. ಎಷ್ಟು ಬಿಟ್ಟರು, ಹೇಗೆ ಓಡಿಸಿದೆ, ತಿರುವಿನಲ್ಲಿ ಎದುರಿಗೆ ಲಾರಿ ಬಂದಾಗ ಏನಾಯಿತು. ಅವಳ ಮಾತು ಮುಗಿಯಲೆಂದು ತಿಮ್ಮೇಶ ಕಾಯುತ್ತ ಕೂತ. ಸಾಸ್ವೇಹಳ್ಳಿ ಬಂತು, ಹೋಯಿತು. ಅವಳಿನ್ನೂ ಮಾತಾಡುತ್ತಲೇ ಇದ್ದಳು.